ಅರ್ಧ ವ್ಯಾಟ್ ಸಾಕು: ಮಾವನ ಮನೆಯ ಆಂಪ್ಲಿಫೈಯರ್ ಕಾಪಿ ಹೊಡೆಯುವುದು

ಜುಲೈ ತಿಂಗಳಲ್ಲಿ ಸೋಮವಾರಪೇಟೆ ಕಡೆಯ ಮನೆಗಳಿಗೆ ಬಂದರೆ ಎರಡು ಸಂಗತಿ ಗ್ಯಾರಂಟಿ. ಕರೆಂಟ್ ಇರುವುದಿಲ್ಲ, ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಮೊಬೈಲ್‌ನಲ್ಲಿ ಹಾಡು ಹಾಕಿದರೆ ಸೊಳ್ಳೆ ಗುಂಯ್ ಅಂದಷ್ಟೇ. ಆದರೆ ಮಾವನ ಮನೆಯಲ್ಲಿ ಒಂದು ಹಳೇ ಮರದ ಡಬ್ಬಿ ಇದೆ. ಕೈರೇಡಿಯೋದ ಇಯರ್‌ಫೋನ್ ತೂತಿಗೆ ಅದರ ವೈರ್ ಸಿಕ್ಕಿಸಿ, ಮಡಿಕೇರಿ ಆಕಾಶವಾಣಿಯ 103.1 ಹಚ್ಚಿದರೆ ಅಡುಗೆಮನೆವರೆಗೂ ವಾರ್ತೆ ಕೇಳುತ್ತದೆ. ಕೇಳಿದರೆ ಕೊಡಲಿಲ್ಲ. ಬಿಚ್ಚಿ ನೋಡಲು ಬಿಟ್ಟರು, ಅಷ್ಟೇ ಸಾಕಾಯಿತು.

ಒಳಗೆ ಇದ್ದದ್ದು ಎಂಟು ಕಾಲಿನ ಒಂದೇ ಒಂದು ಐಸಿ (ಸದ್ದು ಹಿಗ್ಗಿಸುವ ಚಿಪ್), ಎಲ್‌ಎಂ386. ಸುತ್ತ ನಾಲ್ಕೈದು ಕೆಪಾಸಿಟರ್, ಒಂದು ರೆಸಿಸ್ಟರ್, ಒಂದು ವಾಲ್ಯೂಮ್. 9 ವೋಲ್ಟ್ ಕೊಟ್ಟು 8 ಓಮ್ಸ್ ಸ್ಪೀಕರ್ ಹಾಕಿದರೆ ಇದರಿಂದ ಸಿಗುವುದು ಹೆಚ್ಚೆಂದರೆ ಮುಕ್ಕಾಲು ವ್ಯಾಟ್‌ನ ಆಸುಪಾಸು. ಕಮ್ಮಿ ಅನ್ನಿಸುತ್ತದೆ ಅಲ್ವಾ? ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ಅರ್ಧ ವ್ಯಾಟ್‌ಗೂ ಐದು ವ್ಯಾಟ್‌ಗೂ ಇರುವ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಸ್ಪೀಕರ್ ಚೆನ್ನಾಗಿದ್ದರೆ ಒಂದು ಕೋಣೆಗೆ ಧಾರಾಳ.

ಸಾಮಾನುಗಳನ್ನು ನಾನು ಮೈಸೂರಿಗೆ ಹೋದಾಗ ತಂದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಎಲ್ಲ ಸಿಗುತ್ತದೆ. ಐಸಿ ಎರಡು ತೆಗೆದುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಎಂಟು ಕಾಲಿನ ಸಾಕೆಟ್ ಒಂದು, 10 ಕಿಲೋ ಓಮ್ಸ್ ವಾಲ್ಯೂಮ್ (ತಿರುಗಿಸುವ ಮೂರು ಕಾಲಿನ ಪೊಟೆನ್ಶಿಯೋಮೀಟರ್) ಒಂದು, 10 ಓಮ್ಸ್ ರೆಸಿಸ್ಟರ್ ಒಂದು, 1 ಕಿಲೋ ಓಮ್ಸ್ ರೆಸಿಸ್ಟರ್ ಎರಡು. ಕೆಪಾಸಿಟರ್‌ಗಳಲ್ಲಿ 470, 100, 10 ಮೈಕ್ರೋಫ್ಯಾರಡ್ ಒಂದೊಂದು, 0.1 ಮತ್ತು 0.047 ಒಂದೊಂದು. ಇನ್ನು ತೂತು ತೂತಿನ ಡಾಟ್ ಬೋರ್ಡ್ ಒಂದು ತುಂಡು.

ಈಗ ವೈರಿಂಗ್. ಐಸಿಯ ಕಚ್ಚು ಮೇಲೆ ಬರುವಂತೆ ಹಿಡಿಯಿರಿ. ಎಡಗಡೆ ಮೇಲಿನದು 1, ಅಲ್ಲಿಂದ ಕೆಳಗೆ 4ರವರೆಗೆ. ಬಲಗಡೆ ಕೆಳಗಿನದು 5, ಅಲ್ಲಿಂದ ಮೇಲೆ 8ರವರೆಗೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಬೆಸುಗೆ ಹಾಕಲು ಬೋರ್ಡನ್ನು ಮಗುಚಿದ ಕೂಡಲೇ ಎಡ ಬಲ ಅದಲುಬದಲಾಗುತ್ತದೆ, ಅದು ಮರೆತುಹೋಗುತ್ತದೆ. ನನಗೂ ಮರೆತಿತ್ತು. 6ಕ್ಕೆ ಹೋಗಬೇಕಾದ 9 ವೋಲ್ಟ್ ಸೀದಾ 3ಕ್ಕೆ ಹೋಯಿತು. ಸದ್ದಿಲ್ಲ, ಹೊಗೆಯಿಲ್ಲ, ಸುಮ್ನೆ ಒಂದು ಕಮಟು ವಾಸನೆ, ಬೆರಳಿಟ್ಟರೆ ಚುರ್ ಅಂತು. ಎರಡನೇ ಐಸಿ ಬೇಕು ಅಂದದ್ದು ಇದಕ್ಕೇ. ಅಂದಿನಿಂದ ಬೋರ್ಡಿನ ಕೆಳಗಡೆ ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದುಕೊಂಡೇ ಶುರು ಮಾಡುತ್ತೇನೆ.

4 ಗ್ರೌಂಡ್, ಅಂದರೆ ಬ್ಯಾಟರಿ ಮೈನಸ್. 6 ಪವರ್, ಅಂದರೆ ಪ್ಲಸ್. ಹಾಡು ಒಳಗೆ ಬರುವುದು 3ಕ್ಕೆ, ವಾಲ್ಯೂಮಿನ ನಡುಕಾಲಿನಿಂದ. 2ನ್ನು ಗ್ರೌಂಡಿಗೆ ಕೊಡಿ. 7ರಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಅಡಾಪ್ಟರಿನ ಗುಂಯ್ ಸದ್ದು ಎಷ್ಟೋ ಇಳಿಯುತ್ತದೆ. ಸದ್ದು ಹೊರಗೆ ಬರುವುದು 5ರಿಂದ. ಅಲ್ಲಿಂದ 470ರ ಕೆಪಾಸಿಟರ್ ಮೂಲಕ ಸ್ಪೀಕರ್‌ಗೆ, ಕೆಪಾಸಿಟರಿನ ಪ್ಲಸ್ ಐಸಿ ಕಡೆಗಿರಲಿ. ಮಾವನ ಡಬ್ಬಿಯಲ್ಲಿ ಇಲ್ಲಿ 220 ಇತ್ತು. 8 ಓಮ್ಸ್ ಸ್ಪೀಕರ್ ಜೊತೆ 220 ಹಾಕಿದರೆ 90 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸೊರಗುತ್ತದೆ, 470 ಹಾಕಿದರೆ ಆ ಗೆರೆ 42ರ ಹತ್ತಿರಕ್ಕೆ ಇಳಿಯುತ್ತದೆ. ಕಾಪಿ ಅಂದ ಮಾತ್ರಕ್ಕೆ ಎಲ್ಲವನ್ನೂ ಹಾಗೇ ಇಳಿಸಬೇಕಿಲ್ಲ.

1 ಮತ್ತು 8ರ ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ ಗೇನ್, ಅಂದರೆ ಒಳಗೆ ಬಂದ ವೋಲ್ಟೇಜನ್ನು ಐಸಿ ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು, 20ರಿಂದ 200ಕ್ಕೆ ಏರುತ್ತದೆ. ಎಲ್ಲರಿಗೂ ಇದರ ಮೇಲೆ ಆಸೆ. ಬೇಡ. ಮುಕ್ಕಾಲು ವ್ಯಾಟ್ ಹೊರಡಿಸಲು ಗೇನ್ 20 ಇದ್ದರೆ ಒಳಗೆ ಸುಮಾರು 120 ಮಿಲಿವೋಲ್ಟ್ ಬಂದರೆ ಆಯಿತು, ಮೊಬೈಲ್ ಅದಕ್ಕಿಂತ ಜಾಸ್ತಿಯೇ ಕೊಡುತ್ತದೆ. 200 ಮಾಡಿದರೆ ಸಿಗುವುದು ಬರೀ ಬುಸ್ ಅನ್ನುವ ಸದ್ದು. ಎರಡೂ ಕಾಲನ್ನು ಖಾಲಿ ಬಿಡಿ.

ಮೊಬೈಲ್‌ನಿಂದ ಎಡ ಬಲ ಅಂತ ಎರಡು ವೈರ್ ಬರುತ್ತವಲ್ಲ, ಅವನ್ನು ನೇರವಾಗಿ ಸೇರಿಸಬೇಡಿ. ಒಂದೊಂದಕ್ಕೂ 1 ಕಿಲೋ ಓಮ್ಸ್ ಹಾಕಿ, ಆಮೇಲೆ ಸೇರಿಸಿ ವಾಲ್ಯೂಮಿನ ಒಂದು ತುದಿಗೆ ಕೊಡಿ. ಇನ್ನೊಂದು ತುದಿ ಗ್ರೌಂಡಿಗೆ.

ಸರ್ಕ್ಯೂಟ್ ಇಷ್ಟೇ. ನಾನು ಎರಡನೇ ಸಲ ಇದನ್ನೆಲ್ಲ ಸರಿಯಾಗಿ ಜೋಡಿಸಿದೆ. ವಾಲ್ಯೂಮ್ ಅರ್ಧ ತಿರುಗಿಸುವವರೆಗೆ ಚೆನ್ನಾಗಿತ್ತು. ಅದಕ್ಕಿಂತ ಮೇಲೆ ಹೋದರೆ ಡುಬ್ ಡುಬ್ ಡುಬ್ ಅಂತ ತೋಟದ ಡೀಸೆಲ್ ಪಂಪ್ ಸ್ಟಾರ್ಟ್ ಆದ ಹಾಗೆ. ಭಾಗಗಳೆಲ್ಲ ಅವೇ, ಮಾವನ ಡಬ್ಬಿ ಮಾತ್ರ ಹೀಗೆ ಮಾಡುತ್ತಿರಲಿಲ್ಲ. ಮತ್ತೆ ಹೋಗಿ, ಅದನ್ನು ಬಿಚ್ಚಿ, ಟಾರ್ಚ್ ಬಿಟ್ಟು ಅರ್ಧ ಗಂಟೆ ನೋಡಿದೆ. ಆಗ ಗೊತ್ತಾಯಿತು, ನಾನು ಭಾಗಗಳನ್ನು ಕಾಪಿ ಮಾಡಿದ್ದೆ, ಅವು ಕೂತ ಜಾಗವನ್ನು ಕಾಪಿ ಮಾಡಿರಲಿಲ್ಲ. ಅದರಲ್ಲಿ ಪವರ್‌ಗೂ ಗ್ರೌಂಡಿಗೂ ನಡುವೆ ಹಾಕುವ 100ರ ಕೆಪಾಸಿಟರ್ 6 ಮತ್ತು 4ರ ಪಕ್ಕಕ್ಕೇ ಅಂಟಿಕೊಂಡಿತ್ತು, ನನ್ನದರಲ್ಲಿ ಬ್ಯಾಟರಿ ವೈರ್ ಬರುವ ಮೂಲೆಯಲ್ಲಿ. ಅದರಲ್ಲಿ ಸ್ಪೀಕರಿನ ಗ್ರೌಂಡ್ ವೈರ್ ಬೇರೆಯಾಗಿ ಬಂದು 4ನೇ ಕಾಲಿಗೇ ಸೇರುತ್ತಿತ್ತು. ನಾನೋ ವಾಲ್ಯೂಮ್, 2ನೇ ಕಾಲು, ಸ್ಪೀಕರ್, ಬ್ಯಾಟರಿ ಮೈನಸ್ ಎಲ್ಲವನ್ನೂ ಒಂದೇ ತೆಳು ತಂತಿಗೆ ತೋರಣ ಕಟ್ಟಿದ ಹಾಗೆ ಕಟ್ಟಿದ್ದೆ. ಸ್ಪೀಕರಿಗೆ ಹೋಗುವ ದೊಡ್ಡ ಕರೆಂಟ್ ಅದೇ ತಂತಿಯಲ್ಲಿ ಹರಿದಾಗ ಅಲ್ಲಿ ಚೂರು ವೋಲ್ಟೇಜ್ ಏಳುತ್ತದೆ, ಅದು ಇನ್‌ಪುಟ್ಟಿಗೆ ಮತ್ತೆ ನುಗ್ಗುತ್ತದೆ, ಐಸಿ ಅದನ್ನೇ 20 ಪಟ್ಟು ಮಾಡಿ ಕಳಿಸುತ್ತದೆ, ಹೀಗೆ ಅದು ತನ್ನ ಬಾಲವನ್ನೇ ಕಚ್ಚಿಕೊಂಡು ಸುತ್ತುತ್ತದೆ.

ಹಾಗಾಗಿ ನೀವು ಮೊದಲೇ ಹೀಗೆ ಮಾಡಿ. 100 ಮತ್ತು 0.1 ಎರಡನ್ನೂ ಐಸಿಯ 6 ಮತ್ತು 4ರ ನಡುವೆ, ಆ ಕಾಲುಗಳಿಗೆ ಆದಷ್ಟು ಹತ್ತಿರ ಕೂರಿಸಿ. 5ರಿಂದ 10 ಓಮ್ಸ್, ಅದರ ಬಾಲಕ್ಕೆ 0.047, ಅಲ್ಲಿಂದ 4ಕ್ಕೆ, ಕಾಲುಗಳನ್ನು ಗಿಡ್ಡ ಕತ್ತರಿಸಿ. ಈ ಜೋಡಿ ಇಲ್ಲದಿದ್ದರೆ ಕಿವಿಗೆ ಕೇಳದ ಸ್ವರದಲ್ಲಿ ಐಸಿ ಒಳಗೊಳಗೇ ಕಿರುಚಿಕೊಂಡು ಬಿಸಿಯಾಗಬಹುದು. ಬ್ಯಾಟರಿ ಮೈನಸ್, ಸ್ಪೀಕರ್ ಗ್ರೌಂಡ್, ಇನ್‌ಪುಟ್ ಕಡೆಯ ಗ್ರೌಂಡ್, ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದು 4ರ ಹತ್ತಿರ ಮಾತ್ರ ಸೇರಲಿ.

ಸ್ಪೀಕರ್ ಹಾಕುವ ಮೊದಲು ಮೀಟರ್ ಹಿಡಿಯಿರಿ. ಐಸಿ ಇಲ್ಲದ ಖಾಲಿ ಸಾಕೆಟ್‌ನಲ್ಲಿ 6 ಮತ್ತು 4ರ ನಡುವೆ 9 ವೋಲ್ಟ್ ಬರಬೇಕು. ಪವರ್ ತೆಗೆದು ಐಸಿ ಕೂರಿಸಿ ಮತ್ತೆ ಕೊಟ್ಟಾಗ 5ರಲ್ಲಿ ಅದರ ಅರ್ಧ, ನಾಲ್ಕೂವರೆ ಸುತ್ತಮುತ್ತ ಇರಬೇಕು. ಇಲ್ಲದಿದ್ದರೆ ಎಲ್ಲೋ ತಪ್ಪಿದೆ, ಸ್ಪೀಕರ್ ಮುಟ್ಟಬೇಡಿ.

ಪವರ್‌ಗೆ ಆರು ಪೆನ್ ಸೆಲ್ ಒಳ್ಳೆಯದು. ಚಪ್ಪಟೆ 9 ವೋಲ್ಟ್ ಬ್ಯಾಟರಿ ಜೋರಾಗಿ ಹಾಕಿದರೆ ಬೇಗ ಸುಸ್ತಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಯುಪಿಎಸ್ ಬ್ಯಾಟರಿಗೇ ಕೈ ಹೋಗುತ್ತದೆ. ಅದಕ್ಕೆ 12 ವೋಲ್ಟ್ ಅಂತ ಬರೆದಿದ್ದರೂ ಚಾರ್ಜ್ ಆಗುವಾಗ 14 ದಾಟುತ್ತದೆ, ಸಾಮಾನ್ಯವಾಗಿ ಸಿಗುವ ಎಲ್‌ಎಂ386ಕ್ಕೆ ಹೇಳಿರುವುದು 12ರವರೆಗೆ ಮಾತ್ರ. ನಡುವೆ ಒಂದು 7809 ರೆಗ್ಯುಲೇಟರ್ (ವೋಲ್ಟೇಜನ್ನು 9ಕ್ಕೇ ಹಿಡಿದಿಡುವ ಐಸಿ) ಹಾಕಿ, ಬ್ಯಾಟರಿಯ ಪ್ಲಸ್ ಹತ್ತಿರವೇ ಅರ್ಧ ಆಂಪಿಯರ್ ಫ್ಯೂಸ್ ಇರಲಿ. ಆ ಬ್ಯಾಟರಿಯಲ್ಲಿ ವೈರ್ ಶಾರ್ಟ್ ಆದರೆ ತಂತಿಯೇ ಕೆಂಡವಾಗುತ್ತದೆ, ತಮಾಷೆಯಲ್ಲ. ಏಪ್ರಿಲ್ ಮೇ ಗುಡುಗಿನ ದಿನಗಳಲ್ಲಿ ಅಡಾಪ್ಟರ್ ಇಟ್ಟಿದ್ದರೆ ಪ್ಲಗ್ಗಿನಿಂದಲೇ ಕಿತ್ತಿಡಿ.

ಸ್ಪೀಕರನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ಕೇಳಿ, ಇಷ್ಟೇನಾ ಅಂತ ಬೇಜಾರಾಗಬೇಡಿ. ಮುಂದಿನ ಸದ್ದೂ ಹಿಂದಿನ ಸದ್ದೂ ಒಂದನ್ನೊಂದು ಅಳಿಸಿಹಾಕುತ್ತವೆ, ದಪ್ಪ ಸ್ವರ ಮಾಯವಾಗುತ್ತದೆ. ಡಬ್ಬಿ ಬೇಕೇ ಬೇಕು. ನಾನು ತೋಟದಲ್ಲಿ ಕಡಿದ ಸಿಲ್ವರ್ ಓಕಿನ ಹಲಗೆಯಲ್ಲಿ ಮಾಡಿದೆ, ಹಳೇ ಟಿವಿಯ 8 ಓಮ್ಸ್ ಸ್ಪೀಕರ್ ಹಾಕಿದೆ. ಹಲಗೆ ಪೂರ್ತಿ ಒಣಗಿರಲಿಲ್ಲ, ಆಗಸ್ಟ್ ಹೊತ್ತಿಗೆ ಒಂದು ಮೂಲೆ ಬಾಯಿ ಬಿಟ್ಟಿತು, ಎಂಸೀಲ್ ತುಂಬಿದ್ದೇನೆ.

ಬೋರ್ಡಿನ ಕೆಳಗಿನ ಫ್ಲಕ್ಸನ್ನು (ಬೆಸುಗೆ ಹಾಕಿದಾಗ ಉಳಿಯುವ ಅಂಟನ್ನು) ಸ್ಪಿರಿಟ್ ಹಾಕಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಒಣಗಿದ ಮೇಲೆ ಬೆಸುಗೆಗಳ ಮೇಲೆ ನೈಲ್ ಪಾಲಿಶ್ ಬಳಿಯಿರಿ. ಇಲ್ಲದಿದ್ದರೆ ನಮ್ಮ ಊರಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ತಾಮ್ರ ಹಸಿರಾಗುತ್ತದೆ. ಸಾಕೆಟ್‌ಗೂ ವಾಲ್ಯೂಮಿಗೂ ಬಳಿಯಬೇಡಿ. ವಾಲ್ಯೂಮ್ ಹೇಗೂ ಕರಕರ ಅನ್ನಲು ಶುರು ಮಾಡುತ್ತದೆ, ಆಗ ಪವರ್ ತೆಗೆದು ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ.