ಒಂದು ಎಲೆಕೋಸು, ಕಡೇ ದಿಂಡಿನವರೆಗೆ

ಎಲೆಕೋಸು ಬೇಯುವ ವಾಸನೆ ಬಂದರೆ ಸಾಕು, ಕೆಲವರು ಅಡುಗೆಮನೆ ಕಡೆ ತಲೆ ಹಾಕುವುದಿಲ್ಲ. ಆದರೆ ಆ ವಾಸನೆ ಏಳುವುದು ಹೊತ್ತು ಮೀರಿ ಬೇಯಿಸಿದಾಗ. ಹದವಾಗಿ ಬೆಂದ ಕೋಸು ಸಿಹಿಯಾಗಿರುತ್ತದೆ, ಹಲ್ಲಿಗೆ ಕರುಂ ಅನ್ನುತ್ತದೆ. ಒಂದು ಕಿಲೋ ತೂಗುವ ಕೋಸು ಮನೆಗೆ ಬಂದರೆ ಒಂದು ಎಲೆಯೂ ಹಾಳಾಗದಂತೆ ಹೇಗೆ ಬಳಸಬಹುದು, ನೋಡೋಣ.

ಅದರಲ್ಲಿ ಏನಿದೆ?

100 ಗ್ರಾಂ ಹಸಿ ಕೋಸಿನಲ್ಲಿ ಸುಮಾರು 92 ಗ್ರಾಂ ನೀರೇ. ಕ್ಯಾಲೊರಿ 25 ಮಾತ್ರ. ಹಾಗಂತ ಸುಮ್ನೆ ನೀರು ತಿಂದಂತೆ ಅಂದುಕೊಳ್ಳಬೇಡಿ. ಅಷ್ಟರಲ್ಲೇ ಎರಡೂವರೆ ಗ್ರಾಂ ನಾರು, 36 ಮಿಲಿಗ್ರಾಂ ವಿಟಮಿನ್ ಸಿ, 43 ಮೈಕ್ರೊಗ್ರಾಂ ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) ಇವೆ. ದೊಡ್ಡವರಿಗೆ ದಿನಕ್ಕೆ ಬೇಕಾದ ವಿಟಮಿನ್ ಕೆ ಅರ್ಧಕ್ಕಿಂತ ಜಾಸ್ತಿ ಇದರಲ್ಲೇ ಸಿಗುತ್ತದೆ. ನೇರಳೆ ಕೋಸಿನಲ್ಲಿ ವಿಟಮಿನ್ ಸಿ ಇನ್ನೂ ಹೆಚ್ಚು.

ವಿಟಮಿನ್ ಸಿ ಸಿಗದೆ ಹೋದರೆ ಬರುವ ಕಾಯಿಲೆ ಸ್ಕರ್ವಿ. ವಸಡಿನಲ್ಲಿ ರಕ್ತ ಸೋರುತ್ತದೆ, ಗಾಯ ಮಾಯುವುದಿಲ್ಲ. ತಿಂಗಳುಗಟ್ಟಲೆ ಕಡಲಲ್ಲಿರುತ್ತಿದ್ದ ನಾವಿಕರನ್ನು ಇದು ಕಾಡುತ್ತಿತ್ತು. 1768ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಮೊದಲ ದೊಡ್ಡ ಯಾನಕ್ಕೆ ಹೊರಟಾಗ ಹಡಗಿನಲ್ಲಿ ಉಪ್ಪು ಬೆರೆಸಿ ಹುಳಿ ಬರಿಸಿದ ಕೋಸನ್ನು ತುಂಬಿಸಿಕೊಂಡಿದ್ದ. ಆ ಕೋಸನ್ನು ಮನೆಯಲ್ಲೇ ಮಾಡುವ ಬಗೆಯನ್ನು ಕೊನೆಗೆ ಹೇಳುತ್ತೇನೆ.

ಆರಿಸಿ, ತೊಳೆದು, ಹೆಚ್ಚುವುದು

ಒಂದೇ ಗಾತ್ರದ ಎರಡು ಕೋಸನ್ನು ಎರಡು ಕೈಯಲ್ಲಿ ಹಿಡಿಯಿರಿ. ಯಾವುದು ಭಾರವೋ ಅದು ಒಳ್ಳೆಯದು. ಒತ್ತಿದರೆ ಗಟ್ಟಿಯಾಗಿರಬೇಕು. ಬುಡದ ಕತ್ತರಿಸಿದ ಜಾಗ ಒಣಗಿ ಬಿರುಕು ಬಿಟ್ಟಿದ್ದರೆ ಅದು ಹಳೆಯದು. ಇಡೀ ಕೋಸನ್ನು ತೊಳೆಯದೆ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಬಾಳುತ್ತದೆ. ಕತ್ತರಿಸಿದ ಮೇಲೆ ಅಷ್ಟು ತಡೆಯುವುದಿಲ್ಲ, ನಾಲ್ಕೈದು ದಿನದಲ್ಲಿ ಮುಗಿಸಿ.

ಹೊರಗಿನ ಎರಡು ಎಲೆ ಬಿಡಿಸಿ. ಅವು ಚೆನ್ನಾಗಿದ್ದರೆ ಎಸೆಯಬೇಡಿ, ಒಂದು ಮುಂದೆ ಬೇಕಾಗುತ್ತದೆ. ಕೋಸನ್ನು ನಾಲ್ಕು ಹೋಳು ಮಾಡಿ, ಎಲೆಗಳ ಸಂದಿಗೆ ನೀರು ಹೋಗುವಂತೆ ತೊಳೆಯಿರಿ. ಹುಳ ಇರಬಹುದು ಅನ್ನಿಸಿದರೆ ಹತ್ತು ನಿಮಿಷ ಉಪ್ಪು ನೀರಿನಲ್ಲಿಡಿ.

ಈಗ ಒಂದು ಚೂರು ದಿಂಡು ಬಾಯಿಗೆ ಹಾಕಿಕೊಳ್ಳಿ. ಮೊದಲು ಸಿಹಿ, ಆಮೇಲೆ ಮೂಗಿಗೆ ಸಣ್ಣಗೆ ಖಾರ ಏರುತ್ತದೆ, ಅಲ್ವಾ? ಸಾಸಿವೆಯ ಖಾರ ಇದೇ ಜಾತಿಯದು. ಕೋಸು, ಹೂಕೋಸು, ಸಾಸಿವೆ ಎಲ್ಲವೂ ಒಂದೇ ಕುಟುಂಬ. ಎಲೆಯಲ್ಲಿ ಗಂಧಕ ಇರುವ ಗ್ಲುಕೋಸಿನೊಲೇಟ್ ಎಂಬ ವಸ್ತುಗಳಿವೆ. ಕತ್ತಿ ತಾಗಿದೊಡನೆ ಎಲೆಯದೇ ಒಂದು ಕಿಣ್ವ ಅವನ್ನು ಒಡೆದು ಖಾರ ಹುಟ್ಟಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಸಾಯುತ್ತದೆ. ಹಾಗಾಗಿ ಹೆಚ್ಚಿದ ಮೇಲೆ ಐದು ಹತ್ತು ನಿಮಿಷ ಬಿಟ್ಟು ಒಲೆಗೆ ಹಾಕಿ, ಆ ಖಾರದ ವಸ್ತುಗಳು ಮೊದಲೇ ಹುಟ್ಟಿಕೊಂಡಿರುತ್ತವೆ.

ಮೊದಲ ಕಾಲು ಭಾಗ: ಹಸಿ

ಆದಷ್ಟು ತೆಳ್ಳಗೆ ಹೆಚ್ಚಿ. ಅರ್ಧ ಚಮಚ ಉಪ್ಪು ಹಾಕಿ ಕೈಯಲ್ಲಿ ಒಂದು ನಿಮಿಷ ಹಿಚುಕಿ, ಕಾಲು ಗಂಟೆ ಬಿಡಿ. ಎಲೆ ಬೆವರಿ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಹಿಂಡಿ, ನಿಂಬೆರಸ, ಎಣ್ಣೆ, ಮೆಣಸಿನ ಪುಡಿ ಬೆರೆಸಿ. ಮತ್ತೆ ಉಪ್ಪು ಬೇಡ. ವಿಟಮಿನ್ ಸಿ ಪೂರ್ತಿ ಬೇಕಾದರೆ ಹಿಂಡದೆ ರಸ ಸಮೇತ ತಿನ್ನಿ.

ಎರಡನೇ ಕಾಲು ಭಾಗ: ಬಾಣಲೆಗೆ

ನನ್ನ ಕೇಳಿದರೆ ಕೋಸಿನ ನಿಜವಾದ ರುಚಿ ಇಲ್ಲೇ. ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಹಾಕಿ, ಕೋಸು ಹಾಕಿ, ಉರಿ ಜೋರಾಗಿಯೇ ಇರಲಿ. ನೀರು ಹಾಕಬೇಡಿ, ಅದರೊಳಗೇ ಬೇಕಾದಷ್ಟಿದೆ. ಮೊದಲ ಒಂದು ನಿಮಿಷ ಕೈಯಾಡಿಸದೆ ಬಿಡಿ. ಅಂಚು ಕಂದು ಬಣ್ಣಕ್ಕೆ ತಿರುಗಿ ಸಿಹಿ ಪರಿಮಳ ಬರುತ್ತದೆ. ಆಮೇಲೆ ತಿರುವುತ್ತಾ ಮೂರು ನಾಲ್ಕು ನಿಮಿಷ, ಅಷ್ಟೇ. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ನೀರು ಬಿಟ್ಟು ಹುರಿಯುವ ಬದಲು ಬೇಯುತ್ತದೆ.

ನೇರಳೆ ಕೋಸಾದರೆ ಸ್ವಲ್ಪ ನಿಂಬೆರಸ ಅಥವಾ ವಿನೆಗರ್ ಹಾಕಿ. ಇಲ್ಲದಿದ್ದರೆ ಬಣ್ಣ ನೀಲಿಗೆ ತಿರುಗಬಹುದು.

ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲುವುದು ಮಾತ್ರ ಬೇಡ. ವಿಟಮಿನ್ ಸಿ, ಫೋಲೇಟ್ ಎರಡೂ ನೀರಿಗಿಳಿಯುತ್ತವೆ. ದಿಂಡನ್ನು ಸಣ್ಣಗೆ ಹೆಚ್ಚಿ ಸೂಪಿಗೆ ಹಾಕಿದರೆ ಇಳಿದದ್ದೆಲ್ಲ ಬಟ್ಟಲಲ್ಲೇ ಉಳಿಯುತ್ತದೆ.

ಉಳಿದ ಅರ್ಧ: ಭರಣಿಗೆ

ತೆಳ್ಳಗೆ ಹೆಚ್ಚಿ ತೂಕ ಮಾಡಿ. ತೂಕದ ಶೇ 2ರಷ್ಟು ಉಪ್ಪು, ಅಂದರೆ ಅರ್ಧ ಕಿಲೋಗೆ 10 ಗ್ರಾಂ. ಕಣ್ಣಳತೆ ಬೇಡ. ಉಪ್ಪು ಕಮ್ಮಿಯಾದರೆ ಕೊಳೆಯುತ್ತದೆ, ಜಾಸ್ತಿಯಾದರೆ ಹುಳಿ ಏಳುವುದಿಲ್ಲ. ರಸ ಸುರಿಯುವ ತನಕ ಹಿಚುಕಿ, ಶುಚಿಯಾದ ಗಾಜಿನ ಭರಣಿಗೆ ಮುಷ್ಟಿಯಿಂದ ಒತ್ತಿ ತುಂಬಿ. ತೆಗೆದಿಟ್ಟ ಹೊರ ಎಲೆಯನ್ನು ಮೇಲೆ ಮುಚ್ಚಿ ಭಾರ ಇಡಿ. ಕೋಸು ಪೂರ್ತಿ ರಸದೊಳಗೆ ಮುಳುಗಿರಬೇಕು. ನನ್ನ ಮೊದಲ ಭರಣಿಯಲ್ಲಿ ನಾಲ್ಕು ಎಳೆ ಮೇಲೆ ತೇಲಿತ್ತು. ಅಲ್ಲಿಂದಲೇ ಬೂಸ್ಟು ಹಿಡಿದು ಎಲ್ಲವನ್ನೂ ಚೆಲ್ಲಬೇಕಾಯಿತು.

ಮುಚ್ಚಳ ಬಿಗಿ ಮಾಡಬೇಡಿ. ಎರಡನೇ ಮೂರನೇ ದಿನ ಗುಳ್ಳೆ ಏಳುತ್ತವೆ. ಎಲೆಯಲ್ಲೇ ಇರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುವ ಗುರುತು ಅದು. ಆ ಹುಳಿಯೇ ಕೋಸನ್ನು ಕೆಡದಂತೆ ಕಾಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೂರು ನಾಲ್ಕು ವಾರ ಬೇಕು. ಸೆಕೆ ಜಾಸ್ತಿ ಇದ್ದರೆ ವಾರದಿಂದಲೇ ರುಚಿ ನೋಡುತ್ತಿರಿ.

ಯಾರು ಎಚ್ಚರ ವಹಿಸಬೇಕು?

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೋಸನ್ನು ಒಮ್ಮೆಲೇ ಜಾಸ್ತಿ ಮಾಡಬಾರದು, ವಿಟಮಿನ್ ಕೆ ಆ ಮಾತ್ರೆಯ ಎದುರಿಗೆ ಕೆಲಸ ಮಾಡುತ್ತದೆ. ಥೈರಾಯ್ಡ್ ತೊಂದರೆ ಇದ್ದವರಿಗೆ ಹಸಿ ಕೋಸಿಗಿಂತ ಬೇಯಿಸಿದ್ದು ಮೇಲು. ಹೊಟ್ಟೆ ಉಬ್ಬರಿಸುವವರು ಕಮ್ಮಿಯಿಂದ ಶುರು ಮಾಡಿ. ರಕ್ತದೊತ್ತಡ ಇರುವವರು ಭರಣಿಯ ಕೋಸಿನ ಉಪ್ಪನ್ನು ಲೆಕ್ಕದಲ್ಲಿಡಿ.

ನಿಮಗೆ ಬೇಕಾದಷ್ಟು ಹುಳಿ ಬಂದ ದಿನ ಭರಣಿಯನ್ನು ಫ್ರಿಜ್‌ಗೆ ಸೇರಿಸಿ, ಹುಳಿ ಏರುವುದು ನಿಧಾನವಾಗುತ್ತದೆ. ತೆಗೆಯುವಾಗ ಒಣಗಿದ ಚಮಚ ಬಳಸಿ, ಉಳಿದದ್ದನ್ನು ಮತ್ತೆ ರಸದೊಳಗೆ ಒತ್ತಿ. ಕುದಿಯುವ ಸೂಪಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಬಡಿಸುವಾಗ ಮೇಲೆ ಒಂದು ಚಮಚ ಹಾಕಿಕೊಳ್ಳಿ.