ಮೂರನೆಯ ಬೆಂಕಿ: ದೆರೂತಾದಲ್ಲಿ ನಾನು ಕಲಿತ ಹೊನ್ನಿನ ಹೊಳಪು

ಇಟಲಿಯ ಉಂಬ್ರಿಯಾ ಪ್ರಾಂತ್ಯದ ದೆರೂತಾ ಎಂಬ ಊರಿನ ಸಣ್ಣ ಕಾರ್ಯಾಗಾರವೊಂದರಲ್ಲಿ ನಾನು ಮಾಯೋಲಿಕಾ ಕಲೆಯನ್ನು ಕಲಿತೆ. ಒಮ್ಮೆ ಸುಟ್ಟ ಮಣ್ಣಿನ ತಟ್ಟೆಯನ್ನು ತವರ ಬೆರೆತ ಬಿಳಿ ಮೆರುಗಿನಲ್ಲಿ ಅದ್ದಿ, ಅದು ಹುಡಿಹುಡಿಯಾಗಿ ಒಣಗಿದಾಗ ಮೇಲೆ ಚಿತ್ರ ಬರೆಯಬೇಕು. ಇನ್ನೂ ಸುಡದ ಮೆರುಗು ಬಣ್ಣವನ್ನು ತಕ್ಷಣ ಹೀರಿಕೊಳ್ಳುವುದರಿಂದ ಎಳೆದ ಗೆರೆಯನ್ನು ತಿದ್ದುವಂತಿಲ್ಲ. ಸೂಜಿಯಿಂದ ಚುಚ್ಚಿದ ಕಾಗದದ ಮೇಲೆ ಇದ್ದಿಲ ಪುಡಿ ತಟ್ಟಿ ನಕ್ಷೆ ಇಳಿಸುವುದು ನನಗೆ ಬೇಗ ಒಗ್ಗಿತು. ನಮ್ಮ ರಂಗೋಲಿ ಅಚ್ಚಿನ ಉಪಾಯವೂ ಅದೇ ತಾನೆ.

ಒಗ್ಗದೆ ಕಾಡಿದ್ದು ಲೋಹದ ಹೊಳಪು. 16ನೇ ಶತಮಾನದಲ್ಲಿ ದೆರೂತಾ ಹೊಂಬಣ್ಣಕ್ಕೂ, ಕುಶಲಕರ್ಮಿ ಮಾಸ್ತ್ರೋ ಜೋರ್ಜೋ ದುಡಿದ ಗುಬ್ಬಿಯೋ ಎಂಬ ಊರು ಮಾಣಿಕ್ಯದ ಕೆಂಪಿಗೂ ಹೆಸರಾಗಿದ್ದವು. ಮುಂದೆ ಕ್ಷೀಣಿಸಿದ ಈ ವಿದ್ಯೆಯನ್ನು 19ನೇ ಶತಮಾನದಲ್ಲಿ ಗುಬ್ಬಿಯೋದಲ್ಲೂ ಫ್ಲಾರೆನ್ಸ್ ಬಳಿಯ ಜಿನೋರಿ ಕಾರ್ಖಾನೆಯಲ್ಲೂ ಮತ್ತೆ ಹುಡುಕಿ ತೆಗೆದರು. ಆ ಹೊಂಬಣ್ಣದಲ್ಲಿ ಚಿನ್ನವೇ ಇಲ್ಲ, ಇರುವುದು ಬೆಳ್ಳಿ ಮತ್ತು ತಾಮ್ರ. ಅವುಗಳ ಪುಡಿಯನ್ನು ಕಾವಿಮಣ್ಣು ಮತ್ತು ವಿನೆಗರ್ ಜೊತೆ ಅರೆದು, ಎರಡು ಬಾರಿ ಸುಟ್ಟು ಮುಗಿದ ತಟ್ಟೆಗೆ ಬಳಿದು, ಮೂರನೆಯ ಸಲ ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್‌ ಕಾವಿನಲ್ಲಿ ಆವಿಗೆಗೆ ಗಾಳಿ ತಡೆದು ಹೊಗೆ ತುಂಬಿಸಬೇಕು. ಆಗ ಲೋಹವು ಮೆದುವಾದ ಮೆರುಗಿನೊಳಗೆ ಇಳಿದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನಿಲ್ಲುತ್ತದೆ. ಹೊಗೆ ಕಡಿಮೆಯಾದರೆ ತಟ್ಟೆ ಪೇಲವ, ಕಾವು ಮೀರಿದರೆ ಮಸಿ ಮೆರುಗಿನಲ್ಲೇ ಸಿಕ್ಕಿಕೊಂಡು ಕಪ್ಪು.

ನನ್ನ ಮೊದಲ ಆವಿಗೆಯಲ್ಲಿಟ್ಟ 40 ಚೂರುಗಳಲ್ಲಿ ಹೊಳೆದದ್ದು 3. ನೂರರಲ್ಲಿ ಆರು ಒಳ್ಳೆಯವಾಗಿ ಬಂದರೆ ಹೆಚ್ಚು ಎಂದು ಕುಂಬಾರಿಕೆಯ ಗ್ರಂಥ ರಚಿಸಿದ ಇಟಲಿಯ ಪಿಕೋಲ್‌ಪಾಸೋ 1557ರ ಸುಮಾರಿಗೇ ಬರೆದಿಟ್ಟಿದ್ದನ್ನು ಓದಿ ನನಗೆ ನಾಚಿಕೆ ತುಸು ತಗ್ಗಿತು. ಪದಾರ್ಥಗಳ ಪಟ್ಟಿ ಅವನ ಗ್ರಂಥದಲ್ಲೂ ಸಿಗುತ್ತದೆ. ಹೊಗೆಯನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಪ್ರತಿಯೊಂದು ಆವಿಗೆಯ ಎದುರು ಕುಳಿತು ಹೊಸದಾಗಿ ಕಲಿಯಬೇಕಾಯಿತು. ಕಬ್ಬಿಣದ ಸರಳಿನಿಂದ ಮಾದರಿ ಚೂರೊಂದನ್ನು ಹೊರಗೆಳೆದು, ಮೇಲಿನ ಕಾವಿಮಣ್ಣು ಕೆರೆದು ನೋಡಿ, ಬೆಂಕಿ ನಿಲ್ಲಿಸುವುದೇ ನಾನು ಕಂಡುಕೊಂಡ ದಾರಿ. ಆವಿಗೆಯ ಮೂಲೆಮೂಲೆಗೂ ಹೊಗೆ ಒಂದೇ ಸಮನಾಗಿ ಹರಡದಿರುವುದರಿಂದ ಈಗ ಮೇಲೆ, ಕೆಳಗೆ ಮತ್ತು ಬಾಗಿಲ ಬಳಿ ಒಂದೊಂದು ಚೂರನ್ನು ಇಡುತ್ತೇನೆ. ಕೆಳಗಿನದು ಹೊಳೆಯುವ ಹೊತ್ತಿಗೆ ಮೇಲಿನದು ಇನ್ನೂ ಬಿಳಿಚಿಕೊಂಡೇ ಇರುತ್ತದೆ.