ಸ್ಟ್ಯಾಂಡ್‌ಬೈ ಸರ್ವರ್ ಇದ್ದರೂ ಫೋನ್ ರಿಂಗ್ ಆಗಲಿಲ್ಲ: ನನ್ನ ಅನುಭವ

ನಮ್ಮಲ್ಲಿ ಎರಡು ಆಸ್ಟೆರಿಸ್ಕ್ (ನೆಟ್‌ವರ್ಕ್ ಮೂಲಕ ಫೋನ್ ಕರೆ ನಡೆಸುವ ಸಾಫ್ಟ್‌ವೇರ್) ಸರ್ವರ್‌ಗಳಿವೆ, ಎರಡನೆಯದು ಸ್ಟ್ಯಾಂಡ್‌ಬೈ, ಅಂದರೆ ಬದಲಿಗೆ ಸಿದ್ಧವಾಗಿಟ್ಟದ್ದು. ಸರ್ವರ್ ಬಿದ್ದರೆ ವಿಳಾಸವನ್ನು ಇನ್ನೊಂದಕ್ಕೆ ದಾಟಿಸುವ ಕೀಪ್‌ಅಲೈವ್‌ಡಿ ಎಂಬ ಸಾಫ್ಟ್‌ವೇರ್ ಮೂಲಕ ಎರಡಕ್ಕೂ ಸೇರಿ ಒಂದೇ ವರ್ಚುವಲ್ ಐಪಿ, ಅಂದರೆ ಫೋನ್‌ಗಳು ಸಂಪರ್ಕಿಸುವ ಒಂದೇ ನೆಟ್‌ವರ್ಕ್ ವಿಳಾಸ. ಒಂದು ಬಿದ್ದರೆ ಇನ್ನೊಂದು ಕೆಲಸಕ್ಕೆ ನಿಲ್ಲಬೇಕು, ಅಲ್ವಾ? ನಿಲ್ಲಲಿಲ್ಲ. ಮೊದಲ ಸರ್ವರ್‌ನಲ್ಲಿ ಆಸ್ಟೆರಿಸ್ಕ್ ಮಾತ್ರ ಹ್ಯಾಂಗ್ ಆಗಿತ್ತು, ಮೆಷಿನ್ ಚೆನ್ನಾಗೇ ಓಡುತ್ತಿತ್ತು. ಕೀಪ್‌ಅಲೈವ್‌ಡಿ ನೋಡುತ್ತಿದ್ದದ್ದು ಮೆಷಿನ್ ಜೀವಂತ ಇದೆಯಾ ಅಂತ ಅಷ್ಟೇ. ಹಾಗಾಗಿ ಐಪಿ ಅಲ್ಲೇ ಉಳಿಯಿತು.

ಅದಕ್ಕೆ ಎರಡು ಸೆಕೆಂಡಿಗೊಮ್ಮೆ ಆಸ್ಟೆರಿಸ್ಕ್‌ಗೇ ಸಿಪ್ ಆಪ್ಶನ್ಸ್ ಸಂದೇಶ (ಫೋನ್ ಕರೆಗಳ ಸಿಪ್ ಭಾಷೆಯಲ್ಲಿ "ಇದ್ದೀಯಾ?" ಎಂದು ಕೇಳುವಂಥದ್ದು) ಕಳಿಸುವ ಸಣ್ಣ ಸ್ಕ್ರಿಪ್ಟ್ ಬರೆದೆ. ಸತತ ಮೂರು ಸಲ ಉತ್ತರ ಬರದಿದ್ದರೆ ಐಪಿ ಎರಡನೆಯದಕ್ಕೆ ಹೋಗುತ್ತದೆ.

ಬೇಕೆಂದೇ ಆಸ್ಟೆರಿಸ್ಕ್ ನಿಲ್ಲಿಸಿ ನೋಡಿದೆ. ಐಪಿ ಹೋಯಿತು, ಫೋನ್‌ಗಳು ಮಾತ್ರ ಸೇರಲಿಲ್ಲ! ಲಾಗ್‌ನಲ್ಲಿ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಸುರಕ್ಷಿತವಾಗಿಡುವ ವ್ಯವಸ್ಥೆ) ದೋಷ. ಸ್ಟ್ಯಾಂಡ್‌ಬೈನ ಸರ್ಟಿಫಿಕೇಟ್‌ನಲ್ಲಿ, ಅಂದರೆ ಸರ್ವರ್ ತನ್ನ ಗುರುತಿಗೆ ತೋರಿಸುವ ಡಿಜಿಟಲ್ ಪತ್ರದಲ್ಲಿ, ಅದರದೇ ಹೆಸರಿತ್ತು, ಫೋನ್‌ಗಳು ಹುಡುಕುತ್ತಿದ್ದದ್ದು ವರ್ಚುವಲ್ ಐಪಿಯ ಹೆಸರನ್ನು. ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡಿಬಿಡುವುದು ಸುಲಭ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮಧ್ಯೆ ಯಾರಾದರೂ ಸರ್ವರ್‌ನಂತೆ ನಟಿಸಿದರೆ ಫೋನ್ ಅವರನ್ನೂ ನಂಬುತ್ತದೆ. ವರ್ಚುವಲ್ ಐಪಿಯ ಹೆಸರಿಗೇ ಹೊಸ ಸರ್ಟಿಫಿಕೇಟ್ ಮಾಡಿಸಿ ಎರಡೂ ಕಡೆ ಹಾಕಿದೆ.

ಕೊನೆಗೆ ರಿಜಿಸ್ಟ್ರೇಶನ್ ಅವಧಿಯನ್ನು, ಅಂದರೆ ಫೋನ್ ಸರ್ವರ್‌ನಲ್ಲಿ ಮಾಡಿಕೊಂಡ ನೋಂದಣಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು, 3600 ಸೆಕೆಂಡಿನಿಂದ 120ಕ್ಕೆ ಇಳಿಸಿದೆ. ಲೋಡ್ ಸ್ವಲ್ಪ ಜಾಸ್ತಿಯಾಯಿತು, ಪರವಾಗಿಲ್ಲ. ಈಗ ಎರಡು ನಿಮಿಷದೊಳಗೆ ಎಲ್ಲ ಫೋನ್‌ಗಳೂ ಹೊಸ ಸರ್ವರ್‌ಗೆ ಬಂದು ಸೇರುತ್ತವೆ.